ಊರ ಕಡೆಯ ಹೆಂಗಸು

ಸ್ವಾರಗೇಟ, ಪುಣೆ
2-12-1985

ಪ್ರೀತಿಯ ಉಮಾವತಿ ಅಕ್ಕನಿಗೆ ತಮ್ಮ ಲೋಕನಾಥನ ನಮಸ್ಕಾರ.

ಇಲ್ಲಿ ನಾನು, ನನ್ನ ಹೋಟೆಲು, ಹೋಟೆಲಿನ ಬಾಗಿಲಿಗೆ ಹಗಲಿಡೀ ಹೊಗೆ ಊದುವ ಸರಕಾರಿ ಬಸ್ಸುಗಳು ಎಲ್ಲವೂ ಕ್ಷೇಮ. ಮುಲ್ಕಿಯಲ್ಲಿ ನೀನು, ನಿನ್ನ ಹೊಲಿಗೆ ಮಿಷನ್ನು, ಹೊಲಿಗೆ ಕಲಿಯಲು ಬಂದು ಹರಟೆ ಕಲಿತು ಹೋಗುವ ಹುಡುಗಿಯರು ಕ್ಷೇಮವೆಂದು ನಂಬಿದ್ದೇನೆ. ಫೋನು ಮಾಡೋಣವೆಂದರೆ ಟ್ರಂಕ್ ಕಾಲಿನಲ್ಲಿ "ಕೇಳ್ತದಾ, ಕೇಳ್ತದಾ" ಅನ್ನುವುದರಲ್ಲೇ ಸಮಯ ಮುಗಿಯುತ್ತದೆ. ತುಳುವಿನಲ್ಲಿ ಮಾತಾಡುವ ನಾವು ಕನ್ನಡದಲ್ಲಿ ಕಾಗದ ಬರೆಯುವುದರಲ್ಲಿ ಒಂದು ಲಾಭವುಂಟು. ಬೈಯುವ ಮೊದಲು ಸ್ವಲ್ಪ ಯೋಚನೆ ಮಾಡಬೇಕಾಗುತ್ತದೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ಹೋಟೆಲಿನವರು ಕೆಲವರು ಸೇರಿ, ಹೆಂಡತಿ ಮಕ್ಕಳ ಸಮೇತ, ಫೆಬ್ರವರಿಯಲ್ಲಿ ಐದು ದಿನ ತಿರುಗಾಟಕ್ಕೆ ಹೊರಟಿದ್ದೇವೆ. ಯೋಜನೆ ನನ್ನದು. ಇಷ್ಟು ವರ್ಷ ಪುಣೆಯಲ್ಲಿದ್ದರೂ ನಾವು ನೋಡಿದ ಪುಣೆ ಯಾವುದು? ತರಕಾರಿ ಮಂಡಿ, ಹಾಲಿನ ಡೇರಿ, ಮುನಿಸಿಪಾಲಿಟಿ ಆಫೀಸು. ಆದ್ದರಿಂದ ಮೊದಲನೆಯ ದಿನ ಊರೇ: ಶನಿವಾರವಾಡೆ, ವಸ್ತು ಸಂಗ್ರಹಾಲಯ, ಸಂಜೆ ನಾಟಕ. ಮರುದಿನ ನಸುಕಿಗೆ ಘಾಟು ಇಳಿದು ಶ್ರೀವರ್ಧನದ ಸಮುದ್ರ ತೀರ, ಅಲ್ಲಿ ಎರಡು ರಾತ್ರಿ. ಕಡೆಗೆ ನಾರಾಯಣಗಾವದ ದ್ರಾಕ್ಷಿ ತೋಟ. ಅಲ್ಲಿ ಈಗ ಫ್ರಾನ್ಸಿನ ಥರ ವೈನ್ ಮಾಡುತ್ತಾರಂತೆ. ನನಗೆ ಪರಿಚಯದ ಅಪ್ಪಾಸಾಹೇಬರು ತಮ್ಮ ತೋಟದಲ್ಲೇ ಮಧ್ಯಾಹ್ನ ಕಳೆಯಿರಿ ಎಂದಿದ್ದಾರೆ.

ನೀನು ಬರಬೇಕು. ಯಾಕೆಂದರೆ ಆ ನಾಟಕ ಬಾಲಗಂಧರ್ವ ರಂಗಮಂದಿರದಲ್ಲಿ ಆಡುವ ಹಳೆಯ ಸಂಗೀತ ನಾಟಕ. ಮದುವೆಗೆ ಮೊದಲು ಹಾರ್ಮೋನಿಯಂ ಮೇಷ್ಟರ ಹತ್ತಿರ ನೀನು ಮರಾಠಿ ರಂಗಗೀತೆ ಕಲಿತು, ಅರ್ಥ ಗೊತ್ತಿಲ್ಲದೆ, ಬಾವಿ ಕಟ್ಟೆಯ ಮೇಲೆ ಕೂತು ಹಾಡುತ್ತಿದ್ದೆಯಲ್ಲ, ಅದೇ ನಾಟಕ. ಭಾವನವರು ಇದ್ದಾಗ ಅವರ ಕಾಯಿಲೆ, ಆಮೇಲೆ ಮಗನ ಓದು, ಆಮೇಲೆ ಸೊಸೆಯ ಹೆರಿಗೆ. ನಿನ್ನದು ಅಂತ ನೀನು ಕೇಳಿದ್ದು ಇದೊಂದೇ, ಅದೂ ಯಾವಾಗಲೋ. ನಾನು ಮರೆತಿಲ್ಲ. ನಮ್ಮಲ್ಲಿ ಮನೆ ನಡೆಯುವುದು ಹೆಣ್ಣಿನ ಕಡೆಯಿಂದ. ನೀನು ಮನೆಯ ಯಜಮಾನ್ತಿ. ನನ್ನ ಹೋಟೆಲಿಗೆ ನೀನು ಕಾಲಿಟ್ಟೇ ಇಲ್ಲ ಅಂದರೆ ಜನ ನನಗೆ ಏನು ಹೇಳಬೇಕು?

ಅತಿಥಿಯಾಗಿ ಬಾ. ಕೈಯಲ್ಲಿ ಒಂದು ಬೀಸಣಿಗೆ ಹಿಡಿದುಕೊಂಡರೆ ಸಾಕು.

ನಿನ್ನ ತಮ್ಮ,
ಲೋಕನಾಥ


ಮುಲ್ಕಿ
14-12-1985

ಚಿ. ಲೋಕನಾಥನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಓದಿ ನಗು ಬಂತು. ಸಮುದ್ರದ ದಡದಲ್ಲಿ ಇರುವವಳನ್ನು ಒಂದು ರಾತ್ರಿ ಒಂದು ಹಗಲು ಬಸ್ಸಿನಲ್ಲಿ ಕುಲುಕಿಸಿ ಪುಣೆಗೆ ಹತ್ತಿಸಿ, ಅಲ್ಲಿಂದ ಇಳಿಸಿ, "ಅಗೋ ನೋಡು ಸಮುದ್ರ" ಅನ್ನುತ್ತೀಯಲ್ಲ! ವೈನ್ ಅಂದರೆ ದ್ರಾಕ್ಷಿಯ ಕಳ್ಳು ತಾನೆ? ನಮ್ಮ ಮೂರ್ತೆದಾರ ಮರ ಹತ್ತಿ ಇಳಿಸುವುದನ್ನು ಫ್ರಾನ್ಸಿನವರು ಕಾಲಲ್ಲಿ ತುಳಿದು ಮಾಡುತ್ತಾರೆ, ಅಷ್ಟೇ.

ನಾಟಕಕ್ಕೆ ಬರುತ್ತೇನೆ. ಉಳಿದದ್ದೆಲ್ಲ ನಿನ್ನ ಸಂತೋಷಕ್ಕೆ.

ಅರ್ಥ ಗೊತ್ತಿಲ್ಲದೆ ಹಾಡುತ್ತಿದ್ದೆ ಅಂದೆ. ಅದು ಆಗಿನ ಕಥೆ. ಕೊಲ್ಹಾಪುರದಿಂದ ವರ್ಗವಾಗಿ ಬಂದ ಬ್ಯಾಂಕಿನವರ ಹೆಂಡತಿ ಪಕ್ಕದ ಮನೆಯಲ್ಲಿ ಬಹಳ ವರ್ಷ ಇದ್ದಳು. ನಾನು ಅವಳಿಗೆ ರವಿಕೆ ಕತ್ತರಿಸುವುದು ಕಲಿಸಿದೆ, ಅವಳು ನನಗೆ ಹಾಡಿನ ಒಂದೊಂದು ಸಾಲೂ ಬಿಡಿಸಿ ಹೇಳಿದಳು. ಈಗ ಯಾರು ಯಾರಿಗೆ ಏನು ಹೇಳುತ್ತಿದ್ದಾರೆಂದು ತಿಳಿದೇ ಹಾಡುತ್ತೇನೆ.

ಹೋಟೆಲಿನವರ ಸಂಸಾರಗಳು ಅಂದರೆ ನಾಲಿಗೆ ಉದ್ದದವರು. ಐದು ದಿನ ಅಷ್ಟು ಜನಕ್ಕೆ ಬೇಯಿಸಿ ಹಾಕುವವರು ಯಾರು?

ಅಕ್ಕ,
ಉಮಾವತಿ


ಸ್ವಾರಗೇಟ, ಪುಣೆ
10-1-1986

ಪ್ರೀತಿಯ ಅಕ್ಕನಿಗೆ,

ಬರುತ್ತೇನೆ ಅಂದೆ, ಅರ್ಧ ಪ್ರವಾಸ ಮುಗಿದ ಹಾಗಾಯಿತು. ಅಡುಗೆಯ ಚಿಂತೆ ನಿನಗೆ ಯಾಕೆ? ನನ್ನ ಹೋಟೆಲಿನ ಭಟ್ಟಿಯವನು ರಾಘಣ್ಣ ಬರುತ್ತಾನೆ. ಇಲ್ಲಿಯ ಟೂರಿನವರು ಕಾಶಿಗೆ ಹೋದರೂ ತಮ್ಮ ಅಡುಗೆಯವನನ್ನು ಕಟ್ಟಿಕೊಂಡೇ ಹೋಗುವುದು. ನಾವಂತೂ ದಿನವಿಡೀ ಊರಿಗೆಲ್ಲ ಇಡ್ಲಿ ಸಾಂಬಾರು ಬಡಿಸಿ, ಮನೆಗೆ ಹೋಗಿ ಮೀನು ಹುಡುಕುವ ಜನ. ಪರವೂರಿನ ಖಾನಾವಳಿಯ ಸಾರು ನಮ್ಮವರ ಗಂಟಲಲ್ಲಿ ಇಳಿಯುವುದಿಲ್ಲ. ಪಾತ್ರೆಗೆ ರುದ್ರವ್ವ ಇದ್ದಾಳೆ. ಯಾದಗಿರಿ ಕಡೆಯವಳು, ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದು ಕೊಂಢವಾದಲ್ಲಿ ಇರುತ್ತಾಳೆ. ನನ್ನಲ್ಲಿ ರುಬ್ಬುವುದು ತೊಳೆಯುವುದು ಅವಳದೇ.

ಬರುವಾಗ ಸ್ವಲ್ಪ ಸಾಮಾನು ತಾ. ಕುಂಟೆ ಮೆಣಸು, ಬಿಂಬುಳಿ ಉಪ್ಪಿನಲ್ಲಿ ಹಾಕಿದ್ದು, ತೆಂಗಿನೆಣ್ಣೆ, ನಿನ್ನ ಕೈಯ ಮೀನು ಮಸಾಲೆ ಪುಡಿ ಒಂದು ಡಬ್ಬಿ. ಡಬ್ಬಿ ದೊಡ್ಡದೇ ಇರಲಿ. ರಾಘಣ್ಣನಿಗೆ ಪುಡಿ ಹದ ಬರುವುದಿಲ್ಲ. ಮತ್ತೆ ಆ ಕಾಯಿ ತುರಿಯುವ ಮಣೆ, ಅಮ್ಮನದು. ಇಲ್ಲಿಯ ಮಣೆಗಳಲ್ಲಿ ಕಾಯಿ ಬೀಳುವುದಿಲ್ಲ, ಬೆರಳು ಬೀಳುತ್ತದೆ.

ಮೋಹನದಾಸ್ ಮತ್ತು ಅವನ ಹೆಂಡತಿ ಲೀಲಾಕ್ಷಿಯೂ ಬರುತ್ತಾರೆ, ಬಾರಾಮತಿಯಿಂದ. ಸಕ್ಕರೆ ಕಾರ್ಖಾನೆಯ ಕ್ಯಾಂಟೀನು ಹಿಡಿದ ಮೇಲೆ ಅವನು ಮಾತಾಡುವುದೂ ಪಾಕದ ಹಾಗೆ ಆಗಿದೆ. ನಾಟಕಕ್ಕೆ ನಿನ್ನ ಜಾಗ ಮುಂದಿನ ಸಾಲಿನಲ್ಲೇ.

ನಿನ್ನ ತಮ್ಮ,
ಲೋಕನಾಥ


ಸ್ವಾರಗೇಟ, ಪುಣೆ
20-2-1986

ಪ್ರೀತಿಯ ಅಕ್ಕನಿಗೆ,

ಇದೇನು ಮಾಡಿದೆ? ನಾರಾಯಣಗಾವದಿಂದ ಬಂದ ಮರುದಿನ ಇನ್ನೂ ಎರಡು ದಿನ ಇರುತ್ತೀ ಅಂದುಕೊಂಡು ನಾನು ಕೌಂಟರಿನಲ್ಲಿದ್ದೆ. ಮಧ್ಯಾಹ್ನ ಮನೆಗೆ ಹೋದರೆ ನಿನ್ನ ಚೀಲವಿಲ್ಲ, ನೀನಿಲ್ಲ. "ಅಕ್ಕಾರು ಬಸ್ ಸ್ಟ್ಯಾಂಡಿಗೆ ಹೋದ್ರರೀ, ನಾನಽ ಕೂಡ್ಸಿ ಬಂದೆ" ಎಂದು ರುದ್ರವ್ವ ಹೇಳಬೇಕೆ? ಬಸ್ ಸ್ಟ್ಯಾಂಡ್ ನನ್ನ ಹೋಟೆಲಿನ ಎದುರಿಗೆ! ರಸ್ತೆ ದಾಟಿ ಒಂದು ಮಾತು ಹೇಳಿ ಹೋಗಬಾರದಿತ್ತೆ?

ನಿನಗೆ ಸ್ವಲ್ಪ ದಣಿವಾಗಿರಬೇಕು, ಒಪ್ಪಿದೆ. ರಾಘಣ್ಣನಿಗೆ ಅದೇ ದಿನ ಜ್ವರ ಬರುತ್ತದೆಂದು ಯಾರು ಕಂಡಿದ್ದರು? ಆದರೆ ಅಕ್ಕ, ಅದರಿಂದ ನಮಗೆ ಎಂಥ ಹೆಸರು ಬಂತು ಗೊತ್ತೆ? ಮೋಹನದಾಸ್ ಈಗಲೂ ಶ್ರೀವರ್ಧನದ ಬಂಗುಡೆ ಪುಳಿಮುಂಚಿಯ ಮಾತೇ ಆಡುವುದು. "ಲೋಕನಾಥಾ, ಸಮುದ್ರ ಮರೆತೆ ಮಾರಾಯ, ಸಾರು ಮರೀಲಿಕ್ಕೆ ಆಗುದಿಲ್ಲ" ಅನ್ನುತ್ತಾನೆ. ನೀರುದೋಸೆಗೆ ಲೀಲಾಕ್ಷಿಯ ಮಕ್ಕಳು ಜಗಳವಾಡಿದ್ದು ನೀನೇ ನೋಡಿದೆ. ಇಡೀ ಗುಂಪಿನಲ್ಲಿ ಒಬ್ಬನ ಹೊಟ್ಟೆಯೂ ಕೆಡಲಿಲ್ಲ. ತಿರುಗಾಟ ನಡೆಸುವವನಿಗೆ ಅದಕ್ಕಿಂತ ದೊಡ್ಡ ಜಮೆ ಯಾವುದು?

ನಾಟಕ ತಪ್ಪಿತು ಅಂತ ಬೇಸರ ಮಾಡಿಕೊಳ್ಳಬೇಡ. ಬಹಳ ಉದ್ದ. ನಾನು ಮೊದಲನೆಯ ಅಂಕದಲ್ಲೇ ನಿದ್ದೆ ಹೋದೆ. ಗದೆಯ ಪೆಟ್ಟಿಗೂ ಏಳುತ್ತಿರಲಿಲ್ಲ, ಚಪ್ಪಾಳೆಗೆ ಎದ್ದೆ. ದಸರೆಯ ಹೊತ್ತಿಗೆ ಮತ್ತೆ ಆಡುತ್ತಾರೆ.

ತಲುಪಿದ್ದಕ್ಕೆ ಒಂದು ಕಾರ್ಡು ಹಾಕು.

ನಿನ್ನ ತಮ್ಮ,
ಲೋಕನಾಥ


ಸ್ವಾರಗೇಟ, ಪುಣೆ
30-3-1986

ಅಕ್ಕನಿಗೆ,

ಕಾರ್ಡು ಬರಲಿಲ್ಲ. ಮಂಗಳೂರಿನಿಂದ ಬಂದವರ ಹತ್ತಿರ ವಿಚಾರಿಸಿದೆ, ನೀನು ಚೆನ್ನಾಗಿದ್ದೀ, ಹೊಲಿಗೆ ನಡೆಯುತ್ತಿದೆ ಅಂದರು. ಅಂದರೆ ಕೈ ನೋವಿಲ್ಲ, ಪೆನ್ನು ಹಿಡಿಯಲು ಮಾತ್ರ ನೋವು.

ಕಾಯಿ ತುರಿಯುವ ಮಣೆ ಇಲ್ಲೇ ಬಿಟ್ಟು ಹೋಗಿದ್ದೀ. ಜೋಪಾನವಾಗಿ ಇಟ್ಟಿದ್ದೇನೆ.

ಲೋಕನಾಥ


ಮುಲ್ಕಿ
11-4-1986

ಚಿ. ಲೋಕನಾಥನಿಗೆ,

ನೀನು ನನ್ನ ಅಡುಗೆ ಹೊಗಳಿದ ಕಾಗದವನ್ನು ಎರಡು ಸಲ ಓದಿದೆ. ಅದರಲ್ಲಿ ನಾನು ಎಲ್ಲಿದ್ದೇನೆ ಎಂದು ಹುಡುಕಿದೆ. ಬಂಗುಡೆ ಉಂಟು, ದೋಸೆ ಉಂಟು, ಮೋಹನದಾಸನ ನಾಲಿಗೆ ಉಂಟು. ನಾನಿಲ್ಲ.

ನಿನ್ನ ಹೋಟೆಲಿನ ಮುಂದೆ ಬಸ್ಸಿನಿಂದ ಇಳಿದು ಮುಖಕ್ಕೆ ನೀರು ಹಾಕಿಕೊಳ್ಳುವ ಮೊದಲೇ ನೀನು ಅಂದದ್ದು: "ಅಕ್ಕ, ರಾಘಣ್ಣನಿಗೆ ಜ್ವರ. ಇವತ್ತೊಂದು ಮಧ್ಯಾಹ್ನ ಸುಧಾರಿಸು, ಆಮೇಲೆ ಬೇರೆ ಏರ್ಪಾಡು ಮಾಡ್ತೇನೆ." ನಾನು ಸುಧಾರಿಸಿದೆ. ನೀವು ಶನಿವಾರವಾಡೆಗೆ ಹೋದಿರಿ. ಸಂಜೆಗೆ ನೀನು ಅಂದೆ, ನಸುಕಿಗೆ ಹೊರಡಬೇಕು, ದಾರಿಯ ಬುತ್ತಿ ಆಗಬೇಕು, "ನೀನು ಎರಡನೇ ಅಂಕಕ್ಕೆ ಬಾ, ರಿಕ್ಷಾ ಕಳಿಸ್ತೇನೆ." ನಾನು ನಾಟಕಕ್ಕೆಂದು ತಂದ ಸೀರೆ ಉಟ್ಟು, ಅದರ ಮೇಲೆ ರುದ್ರವ್ವನ ಟವೆಲು ಸುತ್ತಿಕೊಂಡು ಕಡುಬು ಬೇಯಿಸುತ್ತ ಕೂತೆ. ರುದ್ರವ್ವ ಎರಡು ಸಲ ಬೀದಿಗೆ ಹೋಗಿ ನೋಡಿ ಬಂದಳು. "ಯಕ್ಕಾ, ನೀವು ನಡೀರಿ, ಹಬಿ ನಾ ನೋಡ್ಕೋತೀನಿ. ರಿಕ್ಷಾ ನಾನಽ ತರ್ತೀನಿ" ಅಂದಳು. ನಾನು ಅಂದೆ, ತಮ್ಮ ಕಳಿಸುತ್ತೇನೆ ಅಂದಿದ್ದಾನೆ, ಕಳಿಸುತ್ತಾನೆ. ಎರಡನೆಯ ಅಂಕದಲ್ಲಿ ನೀನು ನಿದ್ದೆಯಲ್ಲಿದ್ದೆ ಎಂದು ಈಗ ನಿನ್ನ ಕಾಗದದಿಂದ ತಿಳಿಯಿತು.

ನಾಟಕ ಮುಗಿಸಿ ಬಂದ ಲೀಲಾಕ್ಷಿ ಕೈ ತೊಳೆಯುತ್ತ ಒಂದು ಹಾಡು ಗುನುಗಿದಳು. ತಪ್ಪು ಗುನುಗಿದಳು. ನಾನು ತಿದ್ದಿದೆ. "ಅಯ್ಯೋ ಉಮಕ್ಕ, ನಿಮಗೆ ಇದು ಬರ್ತದಾ? ಮತ್ತೆ ಎಂತಕ್ಕೆ ಬರ್ಲಿಲ್ಲ ನೀವು? ನಿಮಗೆ ಇಂಥದ್ದೆಲ್ಲ ಆಗುದಿಲ್ಲ ಅಂತ ಹೇಳಿದ್ರು ಲೋಕನಾಥಣ್ಣ." ಹಾಗೆಯೇ ಕೈ ಒರೆಸಿಕೊಂಡು, "ಒಳ್ಳೆ ಸೀಟು ಉಮಕ್ಕ, ಮುಂದಿನ ಸಾಲು" ಅಂದಳು. ಅವಳು ಒಳ್ಳೆಯ ಹೆಂಗಸು. ಚುಚ್ಚಲು ಹೇಳಿದ್ದಲ್ಲ.

ಶ್ರೀವರ್ಧನದಲ್ಲಿ ನಾವು ಇಳಿದ ಮನೆಯ ಒಲೆ ಹಿತ್ತಿಲಲ್ಲಿತ್ತು. ಅಲ್ಲಿಂದ ಕಾಣುವುದು ಬಾವಿ, ಅದರ ಆಚೆ ಪಾಯಿಖಾನೆ. ಸಮುದ್ರದ ಸದ್ದು ಕೇಳುತ್ತಿತ್ತು. ಸದ್ದು ಮುಲ್ಕಿಯಲ್ಲೂ ಅದೇ.

ಇದೆಲ್ಲ ಬಿಡು. ಅಡುಗೆ ನನಗೆ ಹೊಸದಲ್ಲ. ನಾನು ಕೇಳುವುದು ಒಂದೇ. ನಸುಕಿಗೆ ಮಿನಿಬಸ್ಸು ಹತ್ತಿದಾಗ ಎಲ್ಲ ಸೀಟೂ ತುಂಬಿತ್ತು. ರುದ್ರವ್ವ ಹಂಡೆಯ ಮೇಲೆ ಕೂತಿದ್ದಳು. ಹಿಂದಿನ ದಿನವಷ್ಟೇ ಜ್ವರ ಬಂದು ಉಳಿದವನ ಸೀಟು ಎಲ್ಲಿ? ಕೊನೆಯ ಗಳಿಗೆಯಲ್ಲಿ ಯಾರೋ ಸೇರಿಕೊಂಡಿರಬೇಕು ಎಂದುಕೊಂಡೆ. ನನ್ನ ಹಿಂದೆ ಕೂತಿದ್ದ ಮೋಹನದಾಸನ ಷಡ್ಡಕನನ್ನು ಕೇಳಿದೆ. "ಇಲ್ಲಕ್ಕ, ನಮಗೆಲ್ಲ ಕ್ರಿಸ್ಮಸ್ಸಿಗೇ ಸೀಟು ಹೇಳಿ ಆಗಿದೆ" ಅಂದ.

ಕ್ರಿಸ್ಮಸ್ಸಿಗೆ, ಲೋಕನಾಥ. ರಾಘಣ್ಣ ಬರುತ್ತಾನೆ, ಮೆಣಸು, ಮಣೆ ತಾ ಎಂದು ನೀನು ನನಗೆ ಬರೆದದ್ದು ಅದಾದ ಮೇಲೆ.

ಅಕ್ಕ,
ಉಮಾವತಿ


ಸ್ವಾರಗೇಟ, ಪುಣೆ
22-4-1986

ಅಕ್ಕನಿಗೆ,

ನೀನು ಹೋಟೆಲು ಇಟ್ಟಿದ್ದರೆ ನಾವೆಲ್ಲ ಬಾಗಿಲು ಹಾಕಿಕೊಂಡು ಹೋಗಬೇಕಾಗಿತ್ತು. ಸೀಟು ಲೆಕ್ಕ ಹಾಕಲು ಹೋದೆಯಲ್ಲ! ರಾಘಣ್ಣ ಕಡ್ಡಿ ಆಸಾಮಿ. ಡ್ರೈವರನ ಪಕ್ಕ, ಗೇರು ಬಾಕ್ಸಿನ ಮೇಲೆ, ಎಲ್ಲಿ ಬೇಕಾದರೂ ತುರುಕಬಹುದು. ಅವನಿಗೆಂದು ಸೀಟು ಇಡುವವರು ಯಾರು?

ಜ್ವರ ಎಷ್ಟಿತ್ತು, ಯಾವಾಗ ಬಂತು ಅಂತ ನಾನು ಥರ್ಮಾಮೀಟರ್ ಹಿಡಿದು ಕೂರಲಿಲ್ಲ. ಸರಿ, ಒಂದು ಮಾತು ಕೇಳುತ್ತೇನೆ. ನನ್ನ ಹೋಟೆಲು ಬಸ್ ಸ್ಟ್ಯಾಂಡಿನ ಎದುರಿಗೆ. ಬೆಳಗಿನ ಮೊದಲನೆಯ ಬಸ್ಸಿಗೆ ಇಡ್ಲಿ ಸಿಗದಿದ್ದರೆ ಗಿರಾಕಿ ಪಕ್ಕದವನ ಹತ್ತಿರ ಹೋಗುತ್ತಾನೆ, ಹೋದವನು ತಿರುಗಿ ಬರುವುದಿಲ್ಲ. ಭಟ್ಟಿಯವನನ್ನು ಐದು ದಿನ ಕರೆದುಕೊಂಡು ಹೋಗುವ ಶಕ್ತಿ ಯಾವನಿಗುಂಟು? ಇದನ್ನು ಮುಂಚೆಯೇ ಬರೆದಿದ್ದರೆ ನೀನು ಬರುತ್ತಿದ್ದೆಯಾ? ಬರದೆ ಇದ್ದಿದ್ದರೆ ಪುಣೆಯನ್ನಾದರೂ ನೋಡುತ್ತಿದ್ದೆಯಾ?

ಮತ್ತೆ, ಪರರ ಕೈಗೆ ಸೌಟು ಕೊಡುವುದಕ್ಕಿಂತ ಮನೆಯವರ ಕೈಗೆ ಕೊಟ್ಟೆ. ಅದು ನನ್ನ ಲೆಕ್ಕದಲ್ಲಿ ಗೌರವ. ನೀನು ಯಾವ ಪುಟದಲ್ಲಿ ಬರೆದುಕೊಂಡೆಯೋ ಗೊತ್ತಿಲ್ಲ.

ನಾಟಕದ ಸಂಜೆಯ ಬಗ್ಗೆ ನಿನಗೆ ಸಿಟ್ಟಿದ್ದರೆ ಇರಲಿ. ಸಮುದ್ರ ನಿನಗೆ ಹೊಸದಲ್ಲ ಅಂತ ನೀನೇ ಬರೆದವಳು. ಆದರೆ ನಾರಾಯಣಗಾವ? ಅಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ನೆರಳಿನಲ್ಲಿ ಕೂತಿದ್ದೆ, ಗಾಳಿ ಇತ್ತು, ಅಪ್ಪಾಸಾಹೇಬರು ತಮ್ಮ ಕೈಯಾರೆ ನಿನಗೆ ದ್ರಾಕ್ಷಿ ಕೊಟ್ಟರು. ಅಷ್ಟು ದೊಡ್ಡ ಮನುಷ್ಯ! ಆ ದಿನದ ಮೇಲೂ ನಿನ್ನ ದೂರು ಉಂಟೆ?

ನಿನ್ನ ತಮ್ಮ,
ಲೋಕನಾಥ


ಮುಲ್ಕಿ
6-5-1986

ಲೋಕನಾಥನಿಗೆ,

ಆ ದಿನದ ವಿಷಯ ಬರೆಯಬಾರದು ಎಂದಿದ್ದೆ. ನೀನೇ ಕೇಳಿದೆ.

ಊಟವಾದ ಮೇಲೆ ನೀವು ಗಂಡಸರೆಲ್ಲ ಚಪ್ಪರದ ಕೆಳಗೆ ಗ್ಲಾಸು ಹಿಡಿದು ನಿಂತಿದ್ದಿರಿ. ನಾನೂ ರುದ್ರವ್ವನೂ ಬಳ್ಳಿಯ ಆಚೆ ಬದಿಯಲ್ಲಿ ಕೂತು ಉಣ್ಣುತ್ತಿದ್ದೆವು. ಅಪ್ಪಾಸಾಹೇಬರು ಮರಾಠಿಯಲ್ಲಿ ಕೇಳಿದರು, "ಲೋಕನಾಥಶೇಟ್, ಮಾಸಾ ಫಾರ ಛಾನ! ಕೋಣೀ ಕೇಲಾ?" ಮೀನು ಬಹಳ ಚೆನ್ನಾಗಿತ್ತು, ಮಾಡಿದ್ದು ಯಾರು?

ನೀನು ಅಂದೆ, "ಆಮಚ್ಯಾ ಗಾವಾಕಡಚೀ ಏಕ ಬಾಈ. ಸ್ವಯಂಪಾಕಾಲಾ ಆಣಲೀ."

ನಮ್ಮ ಊರ ಕಡೆಯ ಒಬ್ಬ ಹೆಂಗಸು. ಅಡುಗೆಗೆ ತಂದಿದ್ದೇವೆ.

ಹಾಡಿನ ಮರಾಠಿಯೇ ಬೇರೆ, ಮಾತಿನ ಮರಾಠಿಯೇ ಬೇರೆ, ಅಕ್ಕನಿಗೆ ತಿಳಿಯುವುದಿಲ್ಲ ಎಂದುಕೊಂಡೆಯೇನೋ. ಅಥವಾ ನಾನು ಅಲ್ಲಿರುವುದೇ ನಿನ್ನ ನೆನಪಿನಲ್ಲಿರಲಿಲ್ಲವೇನೋ. ಯಾವುದು ವಾಸಿ ಎಂದು ನಾನು ಇನ್ನೂ ತೀರ್ಮಾನಿಸಿಲ್ಲ.

ಅವರು ಬಳ್ಳಿ ಸರಿಸಿ ಬಂದು ದ್ರಾಕ್ಷಿಯ ಪೊಟ್ಟಣವನ್ನು ನನ್ನ ಕೈಗೆ ಮೇಲಿನಿಂದ ಬಿಟ್ಟರು, ಕೆಲಸದವರಿಗೆ ಕೊಡುವ ಹಾಗೆ. ಅದು ಅವರ ತಪ್ಪಲ್ಲ. ನೀನು ಹೇಳಿದ್ದನ್ನು ನಂಬಿದರು. ಅವರ ಹಿಂದೆಯೇ ನೀನೂ ಇದ್ದೆ. ನನ್ನ ಮುಖ ನೋಡಿದೆ. ನೋಡಿ, "ವೈನ್ ಸ್ವಲ್ಪ ಒಗರು" ಅಂದೆ.

ರುದ್ರವ್ವನಿಗೂ ಮರಾಠಿ ಬರುತ್ತದೆ. ಅವಳು ತುತ್ತು ಕೆಳಗಿಟ್ಟು, "ಯಕ್ಕಾ, ಉಣ್ರಿ, ಆರತದ" ಅಂದಳು. ಅಷ್ಟೇ. ದ್ರಾಕ್ಷಿಯನ್ನು ಮನೆಯಲ್ಲಿದ್ದ ಅವಳ ಮಕ್ಕಳಿಗೆಂದು ಅವಳ ಕೈಗೆ ಕೊಟ್ಟೆ.

ನಮ್ಮ ಅಮ್ಮ ಹೋದಾಗ ನಿನಗೆ ಚಡ್ಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ನಾನು ಅದನ್ನು ನಿನಗೆ ಎಂದೂ ಹೇಳಿ ತೋರಿಸಿದವಳಲ್ಲ. ಇವತ್ತೂ ತೋರಿಸುತ್ತಿಲ್ಲ. ಆ ದಿನ ಚಪ್ಪರದ ಕೆಳಗೆ, ಕೈಯಲ್ಲಿ ತುತ್ತು ಹಿಡಿದು, ನನಗೆ ಅದೊಂದೇ ನೆನಪಾಯಿತು. ಅದಕ್ಕೆ ಬರೆದೆ.

ಉಮಾವತಿ


ಸ್ವಾರಗೇಟ, ಪುಣೆ
20-6-1986

ಅಕ್ಕನಿಗೆ,

ನಿನ್ನ ಕಾಗದಕ್ಕೆ ಉತ್ತರ ಬರೆದು ಮೂರು ಸಲ ಹರಿದೆ. ಹರಿದದ್ದರಲ್ಲಿ ಭಜಿ ಕಟ್ಟಿ ಕೊಟ್ಟಿದ್ದಾರೆ ನಮ್ಮವರು. ಯಾರೋ ಗಿರಾಕಿ ಓದಿಕೊಂಡು ತಿಂದಿರಬೇಕು.

ಒಂದು ಮಾತು ನಿಜ ಹೇಳುತ್ತೇನೆ, ನಂಬಿದರೆ ನಂಬು. ಅಪ್ಪಾಸಾಹೇಬರು ಕೇಳಿದಾಗ "ನನ್ನ ಅಕ್ಕ" ಎಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎದುರಿಗೆ ನಿಂತವರು ಅಪ್ಪಾಸಾಹೇಬರು. "ಅಕ್ಕನನ್ನು ಕರೆಸಿ ಊರಿಗೆಲ್ಲ ಅಡುಗೆ ಮಾಡಿಸುತ್ತಾನೆ ಈ ಶೆಟ್ಟಿ" ಎಂದುಕೊಂಡರೆ? ನಿನ್ನ ಮಾನಕ್ಕೇ ಹೇಳಿದ್ದು. ಬೇರೆಯವಳು ಎಂದು ಹೇಳಿದರೆ ನಿನ್ನ ಹೆಸರಿಗೆ ಏನೂ ತಗಲುವುದಿಲ್ಲ ಎಂದು ಆ ಕ್ಷಣಕ್ಕೆ ಹೊಳೆಯಿತು. ಕೌಂಟರಿನಲ್ಲಿ ಕೂತವನಿಗೆ ಯೋಚನೆಗಿಂತ ಮೊದಲು ಮಾತು ಬರುತ್ತದೆ. ಬಾರದಿದ್ದರೆ ನಾನು ಈಗಲೂ ಟೇಬಲು ಒರೆಸುತ್ತಿದ್ದೆ.

ಆದದ್ದು ಆಯಿತು. ಮುಂದಿನದು ಹೇಳುತ್ತೇನೆ. ಈ ತಿರುಗಾಟದ ಸುದ್ದಿ ಎಲ್ಲ ಕಡೆ ಹಬ್ಬಿದೆ. ನಮ್ಮವರು ಮುಂಬಯಿಯಿಂದ ಕೂಡ ಕೇಳುತ್ತಿದ್ದಾರೆ. ಊರು, ಸಮುದ್ರ, ದ್ರಾಕ್ಷಿ ತೋಟ, ಜೊತೆಗೆ ಮನೆಯ ಊಟ, ಇದನ್ನು ಪ್ರತಿ ಚಳಿಗಾಲ ನಡೆಸಬಹುದು. ಹೆಸರು ಕೂಡ ಇಟ್ಟಾಯಿತು: "ಉಮಾವತಿ ಟೂರ್ಸ್". ಬೋರ್ಡು ಬರೆಯಲು ಹೇಳಿದ್ದೇನೆ. ನೀನು ಪಾಲುದಾರಳು. ಒಲೆಯ ಮುಂದೆ ನಿಲ್ಲುವುದು ಬೇಡ, ಆಳುಗಳನ್ನು ಇಡುತ್ತೇನೆ. ನೀನು ಕುರ್ಚಿಯಲ್ಲಿ ಕೂತು ಉಪ್ಪು ಖಾರ ಹೇಳಿದರೆ ಸಾಕು. ಬಂದವರಿಗೆಲ್ಲ "ಇವರೇ ನಮ್ಮ ಅಕ್ಕ" ಎಂದು ತೋರಿಸುತ್ತೇನೆ. ಅಪ್ಪಾಸಾಹೇಬರಿಗೆ ಮೊದಲು.

ಪ್ರತಿ ಸಲವೂ ನಾಟಕ ಇಡುತ್ತೇನೆ. ಬರುತ್ತೇನೆ ಅನ್ನು.

ನಿನ್ನ ತಮ್ಮ,
ಲೋಕನಾಥ


ಮುಲ್ಕಿ
3-7-1986

ಲೋಕನಾಥನಿಗೆ,

ಅಪ್ಪಾಸಾಹೇಬರು ಹಾಗೆ ಅಂದುಕೊಂಡಿದ್ದರೆ ನಿಜವನ್ನೇ ಅಂದುಕೊಂಡ ಹಾಗೆ ಆಗುತ್ತಿತ್ತು.

ಬೋರ್ಡಿನ ಮೇಲೆ ನನ್ನ ಹೆಸರು ಬರೆಸಬೇಡ. ಬರೆದಾಗಿದ್ದರೆ ಅಳಿಸು.

ಉಮಾವತಿ


ಸ್ವಾರಗೇಟ, ಪುಣೆ
19-10-1986

ಅಕ್ಕನಿಗೆ,

ಬೋರ್ಡು ಅಳಿಸಿದೆ. ಟೂರಿನ ಮಾತೂ ನಿಂತಿತು. ಮೋಹನದಾಸ್ ಬೇರೆ ಹೆಸರಿನಲ್ಲಿ ಶುರು ಮಾಡಿದ್ದಾನೆ, ಮಾಡಲಿ. ಇದನ್ನು ಹೇಳಲು ಬರೆಯುತ್ತಿಲ್ಲ.

ದಸರೆ ಕಳೆದ ಮೇಲೆ ರುದ್ರವ್ವ ಎರಡು ದಿನ ಕೆಲಸಕ್ಕೆ ಬರಲಿಲ್ಲ. ಎಂದೂ ತಪ್ಪಿಸದವಳು. ಬಂದ ದಿನ ರುಬ್ಬುವ ಕಲ್ಲಿನ ಮುಂದೆ ನಿಂತು ಬೈದೆ. "ಸಿಟ್ಟಾಗಬ್ಯಾಡ್ರಿ ಸಾವ್ಕಾರ್ರ, ಮನೀಗೆ ಬೀಗರು ಬಂದಿದ್ರು" ಅಂದಳು. ಅವರ ಕಡೆ ಬೀಗರೆಂದರೆ ಮನೆಗೆ ಬಂದ ನೆಂಟರು.

"ಯಾವ ಬೀಗರು ಮಾರಾಯ್ತಿ, ಯಾದಗಿರಿಯಿಂದಲಾ?"

"ಇಲ್ರಿ. ನಿಮ್ಮಕ್ಕಾರು."

ನಾನು ನಕ್ಕೆ ಅಕ್ಕ. ತಮಾಷೆ ಮಾಡುತ್ತಾಳೆ ಎಂದು ನಕ್ಕೆ. ಅವಳು ನಗಲಿಲ್ಲ, ಕಲ್ಲು ತಿರುಗಿಸುತ್ತಲೇ ಇದ್ದಳು. ಎಲ್ಲಿ ಮಲಗಿದ್ದಳು ಎಂದು ಕೇಳಿದೆ. "ನಮ್ಮ ತಗಡಿನ ಶೆಡ್ಡಿನ್ಯಾಗರಿ. ನಮ್ಮನಿಯಾಂವ ಸೈಟಿನ್ಯಾಗ ಮಲ್ಕೊಂಡ. ಅಕ್ಕಾರು ಮಗ್ಗುಲದಾಗ ಹುಡುಗೂರನ್ನ ಹಾಕ್ಕೊಂಡು ಮಲಗಿದ್ರು."

ಆಗ ನನ್ನ ಬಾಯಿಂದ ಒಂದು ಪ್ರಶ್ನೆ ಬಂತು. ನಿನಗೆ ಮುಚ್ಚಿಡುವುದಿಲ್ಲ. "ಏನೇನು ಅಡುಗೆ ಮಾಡಿದಳು?" ಎಂದು ಕೇಳಿದೆ.

ರುದ್ರವ್ವ ಕಲ್ಲು ನಿಲ್ಲಿಸಿದಳು. "ಅವರ್ಯಾಕ ಮಾಡ್ತಾರ್ರಿ?" ಅಂದಳು. "ಬೀಗರು ಅಂದ್ನೆಲ್ರಿ." ಭಟ್ಟಿಯ ಮುಂದೆ ನಿಂತಿದ್ದ ರಾಘಣ್ಣ ಬಗ್ಗಿ ಬೆಂಕಿ ಸರಿಮಾಡಿದ. ಬೆಂಕಿ ಸರಿಯಾಗಿಯೇ ಇತ್ತು.

ಮತ್ತೆ ಎಲ್ಲ ಕೇಳಿ ತಿಳಿದುಕೊಂಡೆ. ನೀವಿಬ್ಬರೂ ಅದೇ ನಾಟಕ ನೋಡಲು ಬಾಲಗಂಧರ್ವಕ್ಕೆ ಹೋದದ್ದು. ಬಾಗಿಲಲ್ಲಿ ಅವಳ ಬರಿಗಾಲಿನ ಕಡೆ ಯಾರೋ ನೋಡಿದಾಗ ನೀನು ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದದ್ದು. ಹಿಂದಿನ ಸಾಲಿನಲ್ಲಿ ಕೂತದ್ದು. ನಾಟಕ ಹೇಗಿತ್ತು ಎಂದು ಕೇಳಿದೆ. "ನನಗೇನು ತಿಳೀತದ್ರಿ. ಛಂದ ಇತ್ತು. ಹಾಡು ಸುರು ಆದ ಕೂಡ್ಲೇ ಅಕ್ಕಾರೂ ಸಣ್ಣ ದನಿಲೆ ಹಾಡ್ಕೋತ ಕುಂತ್ರು. ಮುಂದಿನವ್ರು ಹೊಳ್ಳಿ ಹೊಳ್ಳಿ ನೋಡಿದ್ರು. ಅವ್ರು ನಿಲ್ಲಸಲಿಲ್ರಿ."

ನನ್ನ ಅಕ್ಕ ಪುಣೆಗೆ ಬಂದು, ನನ್ನ ಪಾತ್ರೆ ತೊಳೆಯುವವಳ ಶೆಡ್ಡಿನಲ್ಲಿ ಉಳಿದು ಹೋದಳು ಎಂದು ನಾಳೆ ನಮ್ಮವರಿಗೆ ತಿಳಿದರೆ ನಾನು ಎಲ್ಲಿ ಮುಖ ಇಡಲಿ ಎಂದು ಬರೆಯಲು ಕೂತೆ. ಅಷ್ಟು ಬರೆದು ನೋಡಿದರೆ ಆ ಸಾಲು ಯಾವುದಕ್ಕೂ ಕೂಡುವುದಿಲ್ಲ. ಇರಲಿ, ಹೊಡೆದು ಹಾಕುವುದಿಲ್ಲ.

ಕೊಂಢವಾದಿಂದ ಬರುವ ಬಸ್ಸು ಸ್ವಾರಗೇಟಿನಲ್ಲಿ ನಿಲ್ಲುತ್ತದೆ. ಬಾಲಗಂಧರ್ವಕ್ಕೆ ಹೋಗುವವರು ಅಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಆ ಸ್ಟಾಪು ನನ್ನ ಹೋಟೆಲಿನ ಎದುರು ಬದಿಗೆ. ಸಂಜೆಯ ಹೊತ್ತು ನಾನು ಕೌಂಟರಿನಲ್ಲೇ ಇರುತ್ತೇನೆ, ತಲೆಯ ಮೇಲೆ ಟ್ಯೂಬು ಉರಿಯುತ್ತಿರುತ್ತದೆ, ರಸ್ತೆಯ ಆಚೆಯಿಂದ ಚೆನ್ನಾಗಿ ಕಾಣುತ್ತದೆ. ರುದ್ರವ್ವನನ್ನು ಕೇಳಿದೆ, ಅಕ್ಕ ಈ ಕಡೆ ನೋಡಿದಳಾ?

"ನೋಡಿದ್ರಿ" ಅಂದಳು.

ಏನಾದರೂ ಅಂದಳಾ?

"ಏನೂ ಅನ್ನಲಿಲ್ರಿ. ಬಸ್ ಬಂತು."

ಲೋಕನಾಥ